ಜನ ಮರುಳೋ ಜಾತ್ರೆ ಮರುಳೋ: ಮತದಾರನ ಮನಸ್ಸಿನ ಗಣಿತ

ಚುನಾವಣೆ ಹತ್ತಿರವಾದಂತೆ ನಮ್ಮ ಮಾತಿನಲ್ಲಿ ಹವಾಮಾನ ಇಲಾಖೆಯ ಪದಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಈ ಸಲ ಯಾರ ಗಾಳಿ ಬೀಸುತ್ತಿದೆ, ಅಲೆ ಇದೆಯೋ ಇಲ್ಲವೋ ಎಂದು ಬಸ್ ನಿಲ್ದಾಣದಲ್ಲೂ ಕ್ಷೌರದಂಗಡಿಯಲ್ಲೂ ಚರ್ಚೆ ನಡೆಯುತ್ತದೆ. ಗಾಳಿಯೆಂಬುದು ಎಲ್ಲಿಂದಲೋ ಬೀಸಿಬರುವ, ಯಾರ ಹಿಡಿತಕ್ಕೂ ಸಿಗದ ವಸ್ತು ಎಂಬ ಭಾವನೆ ಈ ಮಾತುಗಳ ಹಿಂದಿದೆ. ಆದರೆ ಚುನಾವಣೆಯ ಗಾಳಿ ಆಕಾಶದಿಂದ ಇಳಿದು ಬರುವುದಿಲ್ಲ. ನೆರೆಯವರ ಮಾತು ಕೇಳಿ ಒಬ್ಬ, ಅವನ ಮಾತು ಕೇಳಿ ಇನ್ನೊಬ್ಬ ಮನಸ್ಸು ಬದಲಿಸುತ್ತಾ ಹೋದಾಗ ಅದು ಏಳುತ್ತದೆ. ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆ ಕೇಳುವುದೂ ಇದನ್ನೇ. ಜನ ಸೇರಿದ್ದರಿಂದ ಜಾತ್ರೆಯಾಯಿತೋ, ಜಾತ್ರೆಯೆಂದು ಜನ ಸೇರಿದರೋ?

ಕಳೆದ ಎಂಟು ದಶಕಗಳಲ್ಲಿ ಈ ಪ್ರಶ್ನೆಯನ್ನು ಸಮಾಜಶಾಸ್ತ್ರಜ್ಞರು, ಗಣಿತಜ್ಞರು, ಕೊನೆಗೆ ಭೌತವಿಜ್ಞಾನಿಗಳೂ ಕೈಗೆತ್ತಿಕೊಂಡಿದ್ದಾರೆ. ಕಾಗದದ ಮೇಲೆ ಒಂದು ಕಾಲ್ಪನಿಕ ಊರನ್ನು ಕಟ್ಟಿ, ಅದರ ನಿವಾಸಿಗಳಿಗೆ ತೀರ ಸರಳವಾದ ಒಂದೆರಡು ನಿಯಮಗಳನ್ನು ಕೊಟ್ಟು, ಮುಂದೇನಾಗುತ್ತದೆಂದು ಲೆಕ್ಕ ಹಾಕುವುದು ಗಣಿತಜ್ಞರ ಕ್ರಮ. ಇಂಥ ಊರಿಗೆ ಗಣಿತದ ಮಾದರಿ ಎಂದು ಹೆಸರು. ಮುಂದಿನ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆಂದು ಈ ಮಾದರಿಗಳು ಹೇಳುವುದಿಲ್ಲ. ಆದರೆ ಒಂದು ವೋಟಿನ ಬೆಲೆ ಯಾವಾಗ ಹೆಚ್ಚುತ್ತದೆ, ಯಾವಾಗ ಕುಗ್ಗುತ್ತದೆ ಎಂಬುದನ್ನು ಅವು ಸ್ಪಷ್ಟವಾಗಿ ತೋರಿಸುತ್ತವೆ.

ಈರಿ ಕೌಂಟಿಯ ಪಾಠ

ಮೊದಲು ನಿಜವಾದ ಮತದಾರರ ವಿಷಯ ನೋಡೋಣ. 1940ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮತ್ತು ವೆಂಡೆಲ್ ವಿಲ್ಕಿ ನಡುವೆ ಸ್ಪರ್ಧೆ ನಡೆಯಿತು. ಪಾಲ್ ಲಜಾರ್ಸ್‌ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಒಹಾಯೋ ರಾಜ್ಯದ ಈರಿ ಕೌಂಟಿಯನ್ನು ಆರಿಸಿಕೊಂಡು, ಮೇ ತಿಂಗಳಿಂದ ನವೆಂಬರ್‌ವರೆಗೆ 600 ಮತದಾರರ ಒಂದು ಗುಂಪನ್ನು ಮತ್ತೆ ಮತ್ತೆ ಭೇಟಿಯಾಗಿ ಮಾತನಾಡಿಸಿದರು. ರೇಡಿಯೋ ಮತ್ತು ಪತ್ರಿಕೆಗಳ ಪ್ರಚಾರ ಜನರ ಮನಸ್ಸನ್ನು ಹೇಗೆ ತಿರುಗಿಸುತ್ತದೆಂದು ಅಳೆಯುವುದು ಅವರ ಉದ್ದೇಶವಾಗಿತ್ತು.

ಸಿಕ್ಕ ಉತ್ತರ ಬೇರೆಯೇ ಆಗಿತ್ತು. ಸುಮಾರು ಅರ್ಧದಷ್ಟು ಮಂದಿ ಮೇ ತಿಂಗಳಲ್ಲೇ ನಿರ್ಧರಿಸಿಬಿಟ್ಟಿದ್ದರು, ಕೊನೆಯವರೆಗೂ ಅಲುಗಲಿಲ್ಲ. ಒಂದು ಪಕ್ಷದಿಂದ ಇನ್ನೊಂದಕ್ಕೆ ಪೂರ್ತಿ ವಾಲಿದವರು ಶೇಕಡ 8ರಷ್ಟು ಮಾತ್ರ. ಮನಸ್ಸು ಬದಲಿಸಿದವರನ್ನು ಕಾರಣ ಕೇಳಿದರೆ ರೇಡಿಯೋಗಿಂತ ಹೆಚ್ಚಾಗಿ ಮನೆಯವರು, ಗೆಳೆಯರು, ಜೊತೆಯಲ್ಲಿ ದುಡಿಯುವವರ ಹೆಸರು ಬರುತ್ತಿತ್ತು. ಸುದ್ದಿಯನ್ನು ಶ್ರದ್ಧೆಯಿಂದ ಓದುವ, ಕೇಳುವ ಕೆಲವರು ಪ್ರತಿ ಓಣಿಯಲ್ಲೂ ಇರುತ್ತಾರೆ. ಉಳಿದವರು ಅವರಿಂದ ಕೇಳಿ ತಿಳಿಯುತ್ತಾರೆ. 1944ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನದಿಂದ ಎರಡು ಸಂಗತಿಗಳು ಮುಂದಿನ ಗಣಿತಕ್ಕೆ ಒದಗಿದವು. ಒಂದು, ಅಭಿಪ್ರಾಯ ಹರಡುವುದು ಮನುಷ್ಯನಿಂದ ಮನುಷ್ಯನಿಗೆ. ಎರಡು, ಜಗ್ಗದೆ ನಿಲ್ಲುವವರು ಬಹಳ ಮಂದಿ.

ಗುಂಪಿನ ಮುಂದೆ ಒಬ್ಬನೇ ನಿಂತಾಗ ಮನುಷ್ಯ ಎಷ್ಟು ಬಾಗುತ್ತಾನೆ ಎಂಬುದನ್ನು 1951ರಲ್ಲಿ ಪ್ರಕಟವಾದ ಸಾಲೊಮನ್ ಆಷ್ ಅವರ ಪ್ರಯೋಗಗಳು ತೋರಿಸಿದವು. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟೇ ಉದ್ದವಿದೆ ಎಂದು ಹೇಳಬೇಕು, ಅಷ್ಟೆ. ಒಬ್ಬನೇ ಕುಳಿತು ಉತ್ತರಿಸಿದರೆ ತಪ್ಪುವ ಸಂಭವ ನೂರಕ್ಕೆ ಒಂದೂ ಇಲ್ಲ. ಆದರೆ ಸುತ್ತ ಕುಳಿತವರೆಲ್ಲ ಮೊದಲೇ ಮಾತಾಡಿಕೊಂಡಿದ್ದು ಒಂದೇ ತಪ್ಪು ಉತ್ತರ ಹೇಳಿದಾಗ, ಪರೀಕ್ಷೆಗೆ ಒಳಗಾದವನ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅವರನ್ನೇ ಅನುಸರಿಸಿದವು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಕಣ್ಣಾರೆ ಕಂಡದ್ದನ್ನು ಬಿಟ್ಟು ಗುಂಪಿನ ಮಾತು ಹೇಳಿದರು. ಇದಕ್ಕಿಂತ ಮುಖ್ಯವಾದದ್ದು ಪ್ರಯೋಗದ ಮುಂದಿನ ಭಾಗ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ನಿಜ ಹೇಳಿದರೂ ಸಾಕು, ಈ ಬಾಗುವಿಕೆ ಕಾಲು ಭಾಗಕ್ಕೆ ಇಳಿಯುತ್ತಿತ್ತು.

ಜೂಜಿನ ಲೆಕ್ಕ, ಮತದ ಲೆಕ್ಕ

ಇನ್ನು ಗಣಿತದ ಊರಿಗೆ ಹೋಗೋಣ. ಇಲ್ಲಿ 100 ಜನರಿದ್ದಾರೆ. 60 ಮಂದಿ ಕೆಂಪು ಪಕ್ಷ, 40 ಮಂದಿ ಹಸಿರು ಪಕ್ಷ. ಚೀಟಿ ಎತ್ತಿ ಒಬ್ಬನನ್ನು ಆರಿಸಿ. ಅವನು ಉಳಿದವರಲ್ಲಿ ಯಾರಾದರೊಬ್ಬನನ್ನು ಕಣ್ಣುಮುಚ್ಚಿ ಆರಿಸಿಕೊಂಡು ಅವನ ಪಕ್ಷವನ್ನೇ ತನ್ನದಾಗಿಸಿಕೊಳ್ಳುತ್ತಾನೆ. ಮತ್ತೆ ಚೀಟಿ ಎತ್ತಿ, ಮತ್ತೆ ಅದೇ ಆಟ. ವಾದವಿಲ್ಲ, ಪ್ರಣಾಳಿಕೆಯಿಲ್ಲ, ಬರೀ ಅನುಕರಣೆ. ಇದಕ್ಕೆ ‘ಮತದಾರ ಮಾದರಿ’ ಎಂದು ಹೆಸರು. 1973ರಲ್ಲಿ ಪೀಟರ್ ಕ್ಲಿಫರ್ಡ್ ಮತ್ತು ಏಡನ್ ಸಡ್ಬರಿ ಎಂಬಿಬ್ಬರು ಇದೇ ಲೆಕ್ಕವನ್ನು ಎರಡು ಜೀವಜಾತಿಗಳು ಒಂದೇ ನೆಲಕ್ಕಾಗಿ ಪೈಪೋಟಿ ನಡೆಸುವುದನ್ನು ವಿವರಿಸಲು ಬಳಸಿದ್ದರು. 1975ರಲ್ಲಿ ರಿಚರ್ಡ್ ಹಾಲಿ ಮತ್ತು ಥಾಮಸ್ ಲಿಗೆಟ್ ಅದನ್ನು ವಿಸ್ತರಿಸಿದಾಗ ಜಾತಿಗಳ ಜಾಗಕ್ಕೆ ಮತದಾರರು ಬಂದರು.

ಈ ಆಟ ಹೇಗೆ ಮುಗಿಯುತ್ತದೆ? ಇಬ್ಬರು ಜೂಜುಗಾರರನ್ನು ನೆನೆಸಿಕೊಳ್ಳಿ. ಒಬ್ಬನ ಬಳಿ 60 ರೂಪಾಯಿ, ಇನ್ನೊಬ್ಬನ ಬಳಿ 40. ಪ್ರತಿ ಸಲ ನಾಣ್ಯ ಚಿಮ್ಮಿ ಒಂದೊಂದು ರೂಪಾಯಿ ಪಣ. ಆಟದಲ್ಲಿ ಮೋಸವಿಲ್ಲ, ಆದರೂ ಎಷ್ಟು ಹೊತ್ತಾದರೂ ಆಡಲಿ, ಕೊನೆಗೆ ಒಬ್ಬನ ಕಿಸೆ ಬರಿದಾಗಲೇಬೇಕು. 60 ಇದ್ದವನು ಎಲ್ಲವನ್ನೂ ಗೆಲ್ಲುವ ಸಂಭವ ನೂರಕ್ಕೆ 60. ಮತದಾರ ಮಾದರಿಯೂ ಹಾಗೆಯೇ. ಕೆಂಪಿನವನು ಹಸಿರಾಗುವುದಕ್ಕೂ ಹಸಿರಿನವನು ಕೆಂಪಾಗುವುದಕ್ಕೂ ಪ್ರತಿ ಹೆಜ್ಜೆಯಲ್ಲಿ ಸಮಾನ ಅವಕಾಶ. ಆದರೂ ಕೊನೆಗೆ ಊರಿಗೆ ಊರೇ ಒಂದು ಬಣ್ಣವಾಗುತ್ತದೆ. ನೂರಕ್ಕೆ 40ರಷ್ಟು ಸಂಭವದಲ್ಲಿ, ಮೊದಲು ಕಡಿಮೆ ಜನರಿದ್ದ ಹಸಿರು ಪಕ್ಷವೇ ಊರನ್ನೆಲ್ಲ ಗೆದ್ದುಕೊಳ್ಳುತ್ತದೆ. ಅದರ ನೀತಿ ಒಳ್ಳೆಯದೆಂದೇನೂ ಅಲ್ಲ. ಚೀಟಿ ಹಾಗೆ ಬಿದ್ದಿತು, ಅಷ್ಟೆ. ಆದರೆ ಆಮೇಲೆ ಬಂದು ನೋಡಿದವನಿಗೆ ಅದು ಪ್ರಚಂಡ ಅಲೆಯಾಗಿ ಕಾಣುತ್ತದೆ. ಅಲೆಗೆ ಕಾರಣಗಳನ್ನೂ ಅವನು ಹುಡುಕಿ ಹೇಳಬಲ್ಲ.

ಇಲ್ಲೊಂದು ಸಮಸ್ಯೆ ಏಳುತ್ತದೆ. ಅನುಕರಣೆಯೇ ಎಲ್ಲವೂ ಆಗಿದ್ದರೆ ನಿಜವಾದ ಊರುಗಳೂ ಎಂದೋ ಒಂದೇ ಬಣ್ಣವಾಗಬೇಕಿತ್ತು. ಆದರೆ ಎಷ್ಟು ಚುನಾವಣೆಗಳು ಕಳೆದರೂ ಪ್ರತಿ ಊರಿನಲ್ಲೂ ಎರಡು ಮೂರು ಪಕ್ಷಗಳು ಉಳಿದೇ ಇರುತ್ತವೆ. ಏಕೆ?

ಜಗ್ಗದ ಒಬ್ಬ

ಮೊದಲ ಉತ್ತರ ಈರಿ ಕೌಂಟಿಯಲ್ಲೇ ಸಿಕ್ಕಿತ್ತು: ಜಗ್ಗದವರು ಇದ್ದಾರೆ. ನಮ್ಮ ಗಣಿತದ ಊರಿನಲ್ಲಿ ಎಲ್ಲರೂ ಅನುಕರಿಸಲಿ, ಆದರೆ ಒಬ್ಬನೇ ಒಬ್ಬ ಕೆಂಪು ಪಕ್ಷದ ಹಠವಾದಿ ಯಾರ ಮಾತನ್ನೂ ಕೇಳದಿರಲಿ. ಜೂಜಿನ ಭಾಷೆಯಲ್ಲಿ ಹೇಳುವುದಾದರೆ, ಒಬ್ಬ ಆಟಗಾರನ ಕಿಸೆಯಲ್ಲಿ ಕೊನೆಯ ರೂಪಾಯಿ ಎಂದೂ ಖಾಲಿಯಾಗುವುದಿಲ್ಲ. ಆಗ ಆಟ ಹೇಗೆ ಮುಗಿಯುತ್ತದೆಂದು ಊಹಿಸುವುದು ಕಷ್ಟವಲ್ಲ. ಉಳಿದ 99 ಮಂದಿ ಹಸಿರೇ ಆಗಿದ್ದರೂ, ಸಾಕಷ್ಟು ಕಾಲ ಕೊಟ್ಟರೆ ಊರೆಲ್ಲ ಕೆಂಪಾಗುತ್ತದೆ. ಹಠವಾದಿಗಳ ಪಾತ್ರವನ್ನು 2003ರಲ್ಲಿ ಮೌರೊ ಮೊಬಿಲಿಯಾ ಎಂಬ ಭೌತವಿಜ್ಞಾನಿ ಈ ಮಾದರಿಯಲ್ಲಿ ವಿಶ್ಲೇಷಿಸಿದರು.

ಎರಡೂ ಕಡೆ ಹಠವಾದಿಗಳಿದ್ದರೆ ಆಟ ಮುಗಿಯುವುದೇ ಇಲ್ಲ. ಕೆಂಪಿಗೆ ನಾಲ್ವರು, ಹಸಿರಿಗೆ ಒಬ್ಬ ಇದ್ದರೆ, ಉಳಿದವರಲ್ಲಿ ಕೆಂಪಿನ ಪಾಲು ದೀರ್ಘಕಾಲದಲ್ಲಿ ಸರಾಸರಿ ಶೇಕಡ 80ರ ಸುತ್ತ ಇರುತ್ತದೆ. ಊರಿನಲ್ಲಿ ಸಾವಿರ ಜನರಿರಲಿ, ಲಕ್ಷ ಜನರಿರಲಿ, ಈ ಸರಾಸರಿಯನ್ನು ನಿರ್ಧರಿಸುವವರು ಆ ಐವರೇ. ಇನ್ನೂ ವಿಚಿತ್ರವಾದ ಫಲಿತಾಂಶ ಒಂದಿದೆ. ಎಲ್ಲರೂ ಎಲ್ಲರೊಡನೆ ಬೆರೆಯುವ ಊರಿನಲ್ಲಿ ಎರಡೂ ಕಡೆಗೆ ಒಬ್ಬೊಬ್ಬನೇ ಹಠವಾದಿ ಇದ್ದರೆ ಫಲಿತಾಂಶ ಎಲ್ಲೂ ನಿಲ್ಲುವುದಿಲ್ಲ. ಕೆಂಪಿಗೆ ಶೇಕಡ 5 ಬರುವುದೂ 50 ಬರುವುದೂ 95 ಬರುವುದೂ ಸಮಾನವಾಗಿ ಸಂಭವನೀಯ. ಎರಡೂ ಕಡೆ ಇಂಥವರ ಸಂಖ್ಯೆ ಸಮವಾಗಿ ಹೆಚ್ಚಿದಂತೆಲ್ಲ ಈ ಹೊಯ್ದಾಟ ಕಡಿಮೆಯಾಗುತ್ತದೆ. ಸ್ವಂತ ನಿಲುವಿನವರು ವಿರಳವಾದ ಊರಿನಲ್ಲೇ ಗಾಳಿಯ ಅಬ್ಬರ ಹೆಚ್ಚು ಎಂದಾಯಿತು.

ಎರಡನೆಯ ಉತ್ತರ, ನಾವು ಎಲ್ಲರ ಮಾತನ್ನೂ ಕೇಳುವುದಿಲ್ಲ ಎಂಬುದು. 2000ದಲ್ಲಿ ಗಿಯೋಮ್ ಡೆಫುವಾಂಟ್ ಮತ್ತು ಸಂಗಡಿಗರು ಅಭಿಪ್ರಾಯವನ್ನು ಎರಡು ಬಣ್ಣಗಳ ಬದಲು ಒಂದು ಅಳತೆಪಟ್ಟಿಯಂತೆ ಭಾವಿಸಿದರು. ಸೊನ್ನೆಯಿಂದ 100ರವರೆಗೆ ಯಾರು ಎಲ್ಲಿ ಬೇಕಾದರೂ ಇರಬಹುದು. ಇಬ್ಬರು ಭೇಟಿಯಾದಾಗ ಅವರ ನಡುವಿನ ಅಂತರ ಒಂದು ಮಿತಿಯೊಳಗಿದ್ದರೆ ಇಬ್ಬರೂ ಸ್ವಲ್ಪ ಹತ್ತಿರ ಬರುತ್ತಾರೆ. ಮಿತಿ ಮೀರಿದ್ದರೆ ಮಾತೇ ಇಲ್ಲ. ಕಂಪ್ಯೂಟರಿನಲ್ಲಿ ಈ ಆಟ ಆಡಿಸಿದಾಗ, ಮಿತಿ 50 ಇದ್ದಲ್ಲಿ ಎಲ್ಲರೂ ಮಧ್ಯದಲ್ಲಿ ಒಂದಾದರು. ಮಿತಿಯನ್ನು 20ಕ್ಕೆ ಇಳಿಸಿದಾಗ ಊರು ಎರಡು ಹೋಳಾಯಿತು. ಒಂದೊಂದು ಹೋಳಿನೊಳಗೂ ಪೂರ್ಣ ಸಹಮತ, ನಡುವೆ ಮೌನ. ಯಾರೂ ಯಾರನ್ನೂ ದ್ವೇಷಿಸಲಿಲ್ಲ, ಯಾರೂ ಒಡಕು ಹುಟ್ಟಿಸಲಿಲ್ಲ. ಕೇಳುವ ಸಹನೆ ಕಡಿಮೆಯಾಯಿತು, ಅಷ್ಟಕ್ಕೇ ಊರು ಒಡೆಯಿತು.

ಮೌನದ ಲೆಕ್ಕ

ಮನಸ್ಸಿನಲ್ಲಿರುವುದು ಒಂದು, ಬಾಯಲ್ಲಿ ಬರುವುದು ಇನ್ನೊಂದು ಆದಾಗ ಲೆಕ್ಕ ಮತ್ತಷ್ಟು ಸೂಕ್ಷ್ಮವಾಗುತ್ತದೆ. 1965ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಚುನಾವಣೆ ನಡೆದಾಗ, ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿದರೆ ತಿಂಗಳುಗಟ್ಟಲೆ ಎರಡು ದೊಡ್ಡ ಪಕ್ಷಗಳು ಸಮಸಮವಾಗಿದ್ದವು. ಆದರೆ ಯಾರು ಗೆಲ್ಲುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ಕ್ರೈಸ್ತ ಡೆಮಾಕ್ರಟರು ಎನ್ನುವವರ ಸಂಖ್ಯೆ ಏರುತ್ತಾ ಹೋಯಿತು. ಕೊನೆಯ ದಿನಗಳಲ್ಲಿ ಮತಗಳೂ ಆ ಕಡೆಗೇ ವಾಲಿದವು. ಫಲಿತಾಂಶ ಬಂದಾಗ ಅವರಿಗೆ ಶೇಕಡ 47.6, ಎದುರಾಳಿ ಸೋಷಿಯಲ್ ಡೆಮಾಕ್ರಟರಿಗೆ 39.3. ಸಮೀಕ್ಷೆ ನಡೆಸುತ್ತಿದ್ದ ಎಲಿಸಬೆತ್ ನೋಯೆಲ್-ನಾಯ್‌ಮನ್ 1974ರಲ್ಲಿ ಇದನ್ನು ‘ಮೌನದ ಸುರುಳಿ’ ಎಂದು ಕರೆದರು. ತಾವು ಅಲ್ಪಸಂಖ್ಯಾತರೆಂದು ಭಾವಿಸಿದವರು ಬಾಯಿ ಮುಚ್ಚುತ್ತಾರೆ. ಅವರು ಬಾಯಿ ಮುಚ್ಚಿದ್ದರಿಂದ ಅವರ ಪಕ್ಷ ಇನ್ನೂ ಸಣ್ಣದಾಗಿ ಕಾಣುತ್ತದೆ. ಅದನ್ನು ಕಂಡು ಇನ್ನಷ್ಟು ಜನ ಸುಮ್ಮನಾಗುತ್ತಾರೆ.

ಇಂಥ ಸರಪಳಿ ಎಷ್ಟು ನಾಜೂಕಾದದ್ದೆಂದು ತೋರಿಸಲು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಒಂದು ಸುಂದರ ಉದಾಹರಣೆ ಕೊಟ್ಟರು. ಒಂದು ಚೌಕದಲ್ಲಿ 100 ಜನ ಸೇರಿದ್ದಾರೆ. ಒಬ್ಬ ಯಾರನ್ನೂ ಕಾಯದೆ ಪ್ರತಿಭಟನೆಗೆ ಇಳಿಯುವವನು. ಎರಡನೆಯವನಿಗೆ ಒಬ್ಬನಾದರೂ ಮುಂದೆ ಇರಬೇಕು, ಮೂರನೆಯವನಿಗೆ ಇಬ್ಬರು, ನಾಲ್ಕನೆಯವನಿಗೆ ಮೂವರು, ಹೀಗೆ ಕೊನೆಯವನಿಗೆ 99 ಮಂದಿ. ಪ್ರತಿಯೊಬ್ಬನಿಗೂ ಒಂದೊಂದು ಹೊಸ್ತಿಲು ಇದೆ ಎನ್ನೋಣ. ಮೊದಲನೆಯವನು ಹೊಸ್ತಿಲು ದಾಟಿದೊಡನೆ ಎರಡನೆಯವನು, ಅವನ ಹಿಂದೆ ಮೂರನೆಯವನು ದಾಟುತ್ತಾ ನೂರು ಮಂದಿಯೂ ಬೀದಿಗಿಳಿಯುತ್ತಾರೆ. ಈಗ ಒಂದೇ ಬದಲಾವಣೆ ಮಾಡಿ. ಒಬ್ಬನಿದ್ದರೆ ಸಾಕು ಎನ್ನುತ್ತಿದ್ದ ಎರಡನೆಯವನು ಇಬ್ಬರು ಬೇಕು ಎನ್ನಲಿ. ಮೊದಲನೆಯವನು ಎದ್ದು ನಿಲ್ಲುತ್ತಾನೆ, ಮತ್ತೆ ಯಾರೂ ಅಲುಗುವುದಿಲ್ಲ. ಎರಡು ಊರುಗಳ ಜನರೂ ಬಹುಮಟ್ಟಿಗೆ ಒಂದೇ ಮನಸ್ಸಿನವರು. ಆದರೆ ಒಂದು ಊರಿನ ಸುದ್ದಿ ‘ಇಡೀ ಊರು ಸಿಡಿದೆದ್ದಿತು’ ಎಂದಾದರೆ, ಇನ್ನೊಂದರದು ‘ಒಬ್ಬ ತಲೆಕೆಟ್ಟವನ ಕೂಗಾಟ’.

ಕಾಗದದಾಚೆಗೆ

ಇದೆಲ್ಲ ಕಾಗದದ ಮೇಲಿನ ಆಟ, ನಿಜವಾದ ಮತದಾರರು ಹೀಗಿರುತ್ತಾರೆಯೇ ಎಂದು ಓದುಗರು ಕೇಳಬಹುದು. ಈ ಸಂಶಯವನ್ನೇ ಶೀರ್ಷಿಕೆಯಾಗಿಸಿ, ಮತದಾರ ಮಾದರಿ ಮತದಾರರ ಮಾದರಿಯೇ ಎಂದು ಕೇಳುವ ಒಂದು ಪ್ರಬಂಧ 2014ರಲ್ಲಿ ಭೌತವಿಜ್ಞಾನದ ಪ್ರತಿಷ್ಠಿತ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುವಾನ್ ಫರ್ನಾಂಡಿಸ್-ಗ್ರಾಸಿಯಾ ಮತ್ತು ಸಂಗಡಿಗರು ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳ ಫಲಿತಾಂಶವನ್ನು ಕೌಂಟಿವಾರು ಪರಿಶೀಲಿಸಿದರು. ಮಾದರಿಯ ಮನುಷ್ಯರನ್ನು ಜನಗಣತಿಯ ಮಾಹಿತಿಯಂತೆ ಒಂದು ಕಡೆ ಮಲಗಿಸಿ ಇನ್ನೊಂದು ಕಡೆ ಕೆಲಸಕ್ಕೆ ಕಳಿಸಿದರು. ಎರಡೂ ಕಡೆಯವರನ್ನು ಅವರು ಅನುಕರಿಸುತ್ತಾರೆ, ಆಗೊಮ್ಮೆ ಈಗೊಮ್ಮೆ ಕಾರಣವಿಲ್ಲದೆ ಬದಲಾಗುತ್ತಾರೆ ಎಂದಿಟ್ಟುಕೊಂಡರು. ಕೌಂಟಿಗಳ ನಡುವೆ ಮತಗಳಿಕೆ ಎಷ್ಟು ಏರುಪೇರಾಗುತ್ತದೆ, ದೂರ ಹೆಚ್ಚಿದಂತೆ ಅವುಗಳ ಹೋಲಿಕೆ ಹೇಗೆ ನಿಧಾನವಾಗಿ ಕಡಿಮೆಯಾಗುತ್ತದೆ ಎಂಬ ಎರಡು ವಿಷಯಗಳಲ್ಲಿ ಮಾದರಿ ನಿಜಕ್ಕೆ ಹೊಂದಿತು. ಗೆಲ್ಲುವವರನ್ನು ಅದು ಹೇಳಲಾರದು; ಗಾಳಿ ಹರಡುವ ರೀತಿಯನ್ನು ಹೇಳಬಲ್ಲದು.

ನೇರ ಪ್ರಯೋಗವೂ ನಡೆದಿದೆ. 2010ರ ನವೆಂಬರ್ 2ರಂದು ಅಮೆರಿಕದ ಸಂಸತ್ ಚುನಾವಣೆಯ ದಿನ ಫೇಸ್‌ಬುಕ್‌ನ 6.1 ಕೋಟಿ ಬಳಕೆದಾರರು ಒಂದು ಪ್ರಯೋಗದ ಭಾಗವಾದರು. ಬಹುತೇಕರಿಗೆ ‘ಇಂದು ಮತದಾನದ ದಿನ’ ಎಂಬ ಸೂಚನೆಯ ಜೊತೆಗೆ, ಈಗಾಗಲೇ ಮತ ಹಾಕಿ ಬಂದೆವೆಂದು ತಿಳಿಸಿದ ಗೆಳೆಯರ ಮುಖಗಳನ್ನೂ ತೋರಿಸಲಾಯಿತು. ಒಂದು ಸಣ್ಣ ಗುಂಪಿಗೆ ಬರೀ ಸೂಚನೆ, ಇನ್ನೊಂದಕ್ಕೆ ಏನೂ ಇಲ್ಲ. 2012ರಲ್ಲಿ ಪ್ರಕಟವಾದ ಲೆಕ್ಕದಂತೆ ಬರೀ ಸೂಚನೆಯಿಂದ ಮತದಾನ ಹೆಚ್ಚಲಿಲ್ಲ. ಗೆಳೆಯರ ಮುಖ ಕಂಡದ್ದರಿಂದ ಸುಮಾರು 60 ಸಾವಿರ ಮಂದಿ ಹೆಚ್ಚಾಗಿ ಮತಗಟ್ಟೆಗೆ ಹೋದರು. ಅವರ ಸುತ್ತಲಿನವರ ಮೂಲಕ ಇನ್ನೂ 2.8 ಲಕ್ಷ. ಇಂಥ ಗುಂಡಿ ಯಾರ ಕೈಯಲ್ಲಿರಬೇಕು, ಅದನ್ನು ಅವರು ಯಾರಿಗೆ ತೋರಿಸಿ ಯಾರಿಗೆ ತೋರಿಸದೆ ಬಿಡಬಹುದು ಎಂಬ ಪ್ರಶ್ನೆ ಅಂದಿನಿಂದ ಹಾಗೆಯೇ ಉಳಿದಿದೆ. ಹತ್ತು ಜನರನ್ನು ಸಾವಿರ ಜನರಂತೆ ಕಾಣಿಸಬಲ್ಲ ನಕಲಿ ಖಾತೆಗಳನ್ನು ಹಠವಾದಿಗಳ ಲೆಕ್ಕಕ್ಕೆ ಸೇರಿಸಿಕೊಂಡರೆ, ಈ ಪ್ರಶ್ನೆಯ ತೂಕ ಇನ್ನೂ ಸ್ಪಷ್ಟವಾಗುತ್ತದೆ.

ಪರದೆಯ ಮಹತ್ವ

ಅನುಕರಣೆಯಿಂದ ನಷ್ಟವೇನು? ತಿಳಿದವರನ್ನು ಕೇಳಿ ನಡೆಯುವುದು ಜಾಣತನವಲ್ಲವೇ? ಇದಕ್ಕೆ 1785ರಲ್ಲೇ ಫ್ರಾನ್ಸಿನ ಕಾಂಡೋರ್ಸೆ ಒಂದು ಲೆಕ್ಕ ಕೊಟ್ಟಿದ್ದರು. ಸರಿ ಅಥವಾ ತಪ್ಪು ಎನ್ನಬಹುದಾದ ಒಂದು ಪ್ರಶ್ನೆಯನ್ನು ತೆಗೆದುಕೊಳ್ಳಿ. ಪ್ರತಿಯೊಬ್ಬನೂ ಸರಿಯಾಗಿ ಹೇಳುವ ಸಂಭವ ನೂರಕ್ಕೆ 55 ಇರಲಿ. ತೀರ ಸಾಧಾರಣ ಬುದ್ಧಿ. ಮೂವರನ್ನು ಕೇಳಿ ಬಹುಮತಕ್ಕೆ ತಲೆಬಾಗಿದರೆ ಉತ್ತರ ಸರಿಯಾಗುವ ಸಂಭವ 57ಕ್ಕೆ ಏರುತ್ತದೆ. 101 ಜನರಿದ್ದರೆ ಸುಮಾರು 84. 1001 ಜನರಿದ್ದರೆ 99.9. ಸಾಧಾರಣರು ಸೇರಿ ಋಷಿಯಾಗುತ್ತಾರೆ. ಪ್ರಜಾಪ್ರಭುತ್ವದ ಪರವಾಗಿ ಇದಕ್ಕಿಂತ ಒಳ್ಳೆಯ ಗಣಿತವಿಲ್ಲ. ಆದರೆ ಒಂದು ಷರತ್ತಿದೆ: ಪ್ರತಿಯೊಬ್ಬನೂ ಸ್ವತಂತ್ರವಾಗಿ ಯೋಚಿಸಿರಬೇಕು. ಸಾವಿರ ಮಂದಿ ಒಬ್ಬನ ಬಾಯಿ ನೋಡಿ ಕೈ ಎತ್ತಿದರೆ ಸಂಭವ ಮತ್ತೆ 55ಕ್ಕೇ ಬಂದು ನಿಲ್ಲುತ್ತದೆ. ಅಲ್ಲಿ ತಲೆಗಳು ಸಾವಿರದೊಂದು, ಅಭಿಪ್ರಾಯ ಒಂದೇ. ಚುನಾವಣೆಯ ಪ್ರಶ್ನೆಗಳೆಲ್ಲ ಸರಿ-ತಪ್ಪಿನ ಪ್ರಶ್ನೆಗಳಲ್ಲ, ನಿಜ. ಆದರೂ ಎಣಿಸಿದ ಮತಗಳೆಲ್ಲ ಯೋಚಿಸಿದ ಮತಗಳಲ್ಲ ಎಂಬ ಎಚ್ಚರ ಅಲ್ಲೂ ಬೇಕು.

ಈ ಬೆಳಕಿನಲ್ಲಿ ನೋಡಿದರೆ ನಮಗೆ ತೀರ ಸಾಮಾನ್ಯವೆನಿಸುವ ಕೆಲವು ಏರ್ಪಾಡುಗಳ ಅರ್ಥ ತೆರೆಯುತ್ತದೆ. ಇಂಗ್ಲೆಂಡಿನಲ್ಲಿ 1872ರ ಕಾಯಿದೆ ಬರುವವರೆಗೆ ಮತದಾರ ಎಲ್ಲರೆದುರು ಗಟ್ಟಿಯಾಗಿ ತನ್ನ ಆಯ್ಕೆಯನ್ನು ಹೇಳಬೇಕಿತ್ತು. ಯಾರು ಯಾರಿಗೆ ಮತ ಕೊಟ್ಟರೆಂಬ ಪಟ್ಟಿಗಳು ಅಚ್ಚಾಗಿ ಮಾರಾಟವಾಗುತ್ತಿದ್ದವು. ಜಮೀನುದಾರ ಕೇಳಿಸಿಕೊಳ್ಳುತ್ತಾ ನಿಂತಿರುವಾಗ ಗೇಣಿದಾರ ಏನು ಹೇಳಬಲ್ಲ? ಆಸ್ಟ್ರೇಲಿಯದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯ ವಸಾಹತುಗಳು 1856ರಲ್ಲೇ ಗುಪ್ತ ಮತದಾನ ತಂದಿದ್ದವು. ಸ್ವತಂತ್ರ ಭಾರತ 1951-52ರ ಮೊದಲ ಮಹಾಚುನಾವಣೆಯಿಂದಲೇ ಅದನ್ನು ಪಾಲಿಸಿತು.

ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲುವುದಕ್ಕೂ ಇಂಥದೇ ಒಂದು ತರ್ಕವಿದೆ. 2009ರ ತಿದ್ದುಪಡಿಯಿಂದ ಜನತಾ ಪ್ರಾತಿನಿಧ್ಯ ಕಾಯಿದೆಗೆ ಸೇರಿದ 126ಎ ವಿಧಿ, ಎಲ್ಲ ಹಂತಗಳ ಮತದಾನ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆಗಳನ್ನು ಪ್ರಕಟಿಸಬಾರದೆನ್ನುತ್ತದೆ. 2024ರ ಲೋಕಸಭಾ ಚುನಾವಣೆ ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತಗಳಲ್ಲಿ ನಡೆಯಿತು. ಕರ್ನಾಟಕ ಏಪ್ರಿಲ್ 26 ಮತ್ತು ಮೇ 7ರಂದು ಮತ ಹಾಕಿತು. ಮೊದಲ ದಿನದ ಲೆಕ್ಕ ಬಯಲಾಗಿದ್ದರೆ ಮುಂದಿನ ಆರು ಹಂತಗಳ ಮತದಾರರು ಆಷ್ ಅವರ ಕೋಣೆಯಲ್ಲಿ ಕೊನೆಗೆ ಉತ್ತರಿಸುವವನ ಸ್ಥಿತಿಯಲ್ಲಿರುತ್ತಿದ್ದರು.

ಮನುಷ್ಯ ಚೀಟಿಯೂ ಅಲ್ಲ, ನಾಣ್ಯವೂ ಅಲ್ಲ. ಅವನಿಗೆ ನೆನಪಿದೆ, ಹಸಿವಿದೆ, ನ್ಯಾಯದ ಪ್ರಜ್ಞೆಯಿದೆ. ಇವು ಯಾವುವೂ ಈ ಮಾದರಿಗಳಲ್ಲಿಲ್ಲ. ಆದರೂ ಬೇರೆ ಬೇರೆ ದಾರಿಯಿಂದ ಬಂದ ಇವೆಲ್ಲ ಒಂದು ಮಾತಿನಲ್ಲಿ ಕೂಡುತ್ತವೆ. ಗುಂಪು ದೊಡ್ಡದಾಗಿದೆ ಎಂಬುದು ಗುಂಪು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಮತ್ತು ಗುಂಪಿನೊಳಗೆ ಬೇರೆ ಮಾತಾಡುವ ಒಬ್ಬನ ಬೆಲೆ ಅವನ ಒಂದು ವೋಟಿಗಿಂತ ಬಹಳ ಹೆಚ್ಚು. ಊರೆಲ್ಲ ಒಂದೇ ಗಾಳಿ ಎನ್ನುವ ಹೊತ್ತಿನಲ್ಲಿ ‘ನನಗೆ ಹಾಗೆನಿಸುವುದಿಲ್ಲ’ ಎಂದು ಮೆಲ್ಲಗೆ ಹೇಳುವವನು ಅಲೆಯನ್ನು ತಿರುಗಿಸದೆ ಇರಬಹುದು. ಪಕ್ಕದಲ್ಲಿ ಸುಮ್ಮನೆ ಕುಳಿತಿರುವ ಇನ್ನೊಬ್ಬನಿಗೆ ಕಣ್ಣಾರೆ ಕಂಡದ್ದನ್ನು ನಂಬುವ ಧೈರ್ಯವನ್ನಂತೂ ಅವನು ಕೊಡುತ್ತಾನೆ. ಮತಗಟ್ಟೆಯ ಮೂಲೆಯಲ್ಲಿರುವ ಆ ರಟ್ಟಿನ ಮರೆ ಇರುವುದು ಆ ಇನ್ನೊಬ್ಬನಿಗಾಗಿ.